ಸಂಜೆಯ ವಿಮಾನ

ತಾಶ್-ಬೆಲೆಸ್‌ನಲ್ಲಿ ವಿಮಾನ ನಿಲ್ದಾಣವಿದೆ ಎಂದರೆ
ಕಾರಾಕೋಲ್‌ನ ಟ್ಯಾಕ್ಸಿಯವರು ನಗುತ್ತಾರೆ.
ಇದೆ. ಒಂದು ಕೋಣೆ, ಒಂದು ಗೋಪುರ.
ಗೋಪುರವೆಂದರೆ ಕೋಣೆಯ ಮೇಲೆ ಇನ್ನೊಂದು ಕೋಣೆ, ಅಷ್ಟೆ.
ಗೋಡೆಯ ಮೇಲೆ ನೀಲಿಯಲ್ಲಿ, 'ಫ್ರುಂಜೆ: ದಿನಕ್ಕೆರಡು.'
ಆ ಊರಿಗೀಗ ಬೇರೆ ಹೆಸರು.
ತಿದ್ದಲು ಯಾರೂ ಬಣ್ಣ ತರಲಿಲ್ಲ.

ಮೊದಲದು ಕುದುರೆ ಓಡಿಸುವ ಬಯಲು.
ಐವತ್ತೆರಡರಲ್ಲಿ ಯಾರೋ ಟೋಪಿಯವರು ಬಂದು
ಹಗ್ಗ ಹಿಡಿದು ಅಳೆದು, ಏಳುನೂರು ಮೀಟರು ಸಾಕು ಅಂದರು.
ಕಲ್ಲು ಹೆಕ್ಕಿದ್ದು ಶಾಲೆಯ ಮಕ್ಕಳು. ನನ್ನಪ್ಪನೂ ಒಬ್ಬ.
ಬಕೆಟ್ಟಿಗೊಂದು ಸಕ್ಕರೆ ಅಚ್ಚು ಕೂಲಿ.
ಹಲ್ಲು ಹುಳುಕಾದದ್ದು ಆಗಲೇ ಎಂದು
ಬಾಯಿ ತೆರೆದು ತೋರಿಸುತ್ತಿದ್ದ,
ಶಾಸನ ಓದಿಸುವವನ ಹಾಗೆ.

ಬಂತು ಆಮೇಲೆ, ರೆಕ್ಕೆಯ ಮೇಲೆ ರೆಕ್ಕೆಯ ಹಸಿರು ವಿಮಾನ.
ಎದುರುಬದುರು ಬೆಂಚು, ಹನ್ನೆರಡು ಜನ,
ಬಸುರಿಯರು, ಬೆಣ್ಣೆಯ ಡಬ್ಬ, ಕಾಲು ಕಟ್ಟಿದ ಟಗರು,
ಗಡಿಯಾರ ರಿಪೇರಿಗೆಂದೇ ಹೊರಟ ಮೇಷ್ಟ್ರು.
ಕುದುರೆಗೆ ಐದು ದಿನದ ದಾರಿ
ಒಂದೂಕಾಲು ಗಂಟೆ. ವಾಂತಿಗೆ ಕಾಗದದ ಚೀಲ ಪುಕ್ಕಟೆ.
ಟಿಕೇಟು ಆರು ರೂಬಲು. ಟಗರಿಗೆ ಅರ್ಧ.

ಎಲ್ಲರನ್ನೂ ತೂಗುವವಳು ಬುರುಲ್ಚಾ ಎಜೆ.
ನೀಲಿ ಕೋಟು, ಹಿತ್ತಾಳೆ ಗುಂಡಿ, ಹಲ್ಲಿನ ನಡುವೆ ಪೆನ್ಸಿಲು.
ವಿಮಾನಕ್ಕೆ ಗೊತ್ತಿರುವುದು ತೂಕವೊಂದೇ, ಅನ್ನುತ್ತ
ಪಾರ್ಟಿ ಕಾರ್ಯದರ್ಶಿಯನ್ನೂ ಯಂತ್ರ ಹತ್ತಿಸಿದಳು:
ತೊಂಬತ್ತಾರು ಕಿಲೊ, ಕಾಮ್ರೇಡ್. ಹಿಂದಿನ ಬೆಂಚು.

ತೊಂಬತ್ತೆರಡರ ಫೆಬ್ರವರಿ.
ಬೆಳಗಿನದು ಬಂತು, ಹೋಯಿತು. ಸಂಜೆಯದು ಬರಲಿಲ್ಲ.
ಪೆಟ್ರೋಲಿಲ್ಲ ಎಂದಿತು ರೇಡಿಯೊ.
ಆಮೇಲೆ ರೇಡಿಯೊವೂ ಏನೂ ಅನ್ನಲಿಲ್ಲ.
ಟಿಕೇಟು ಕೊಂಡಿದ್ದ ಏಳು ಜನ ಬೆಂಚಿನ ಮೇಲೇ ಮಲಗಿ
ಬೆಳಿಗ್ಗೆ ಎದ್ದು ಚಹಾ ಕುಡಿದು ಮನೆಗೆ ಹೋದರು.
ಅವರು ಬೇರೆ ದೇಶದವರಾಗಿ ಆಗಲೇ ಎರಡು ತಿಂಗಳಾಗಿತ್ತು.

ಬೇಲಿ ಹೋಗಿ ಕುರಿದೊಡ್ಡಿಯಾಯಿತು.
ದೀಪಗಳು ಯಾರದೋ ಮದುವೆಯಲ್ಲಿ ಉರಿದವು.
ಜುಲೈಯಲ್ಲಿ ಓಡುದಾರಿಯ ಉದ್ದಕ್ಕೂ ಜರ್ದಾಳು ಒಣಗುತ್ತದೆ,
ಮೇಲಿಂದ ನೋಡಿದರೆ ಕಿತ್ತಳೆ ಬಣ್ಣದ ಪಟ್ಟಿಯಿರಬೇಕು.
ಮೇಲಿಂದ ನೋಡುವವರು ಯಾರು?
ತೂಕದ ಯಂತ್ರ ಮಾತ್ರ ಅಲುಗಲಿಲ್ಲ.
ಆಸ್ಪತ್ರೆಯದು ಕೆಟ್ಟ ಮೇಲೆ
ಊರಿನ ಕೂಸುಗಳೆಲ್ಲ ಅದರ ಮೇಲೆಯೇ ಅತ್ತವು.
ಇನ್ನೂರು ಗ್ರಾಂ ಸುಳ್ಳು ಹೇಳುತ್ತದೆ, ಎಂದು ಎಜೆ ಕಳೆದು ಬರೆದಳು.
ನನ್ನ ಮಗಳು ಸಾಮಾನಿನ ರಿಜಿಸ್ಟರಿನಲ್ಲಿದ್ದಾಳೆ:
ಕೈಚೀಲ, ಒಂದು. ಮೂರು ಕಿಲೊ ನಾನೂರು.
ಎಲ್ಲಿಗೆ ಎಂಬಲ್ಲಿ ಖಾಲಿ.

ಎರಡು ಸಾವಿರದ ಹನ್ನೊಂದು. ಮಂತ್ರಿ ಬರುತ್ತಾರಂತೆ,
ನಿಲ್ದಾಣ ಮತ್ತೆ ತೆರೆಯುತ್ತದಂತೆ.
ಊರಿಗೆ ಊರೇ ಪೊರಕೆ ಹಿಡಿದು ಜರ್ದಾಳು ಗುಡಿಸಿತು.
ಆದರೂ ಮಂತ್ರಿಯ ಬೂಟಿಗೆ ಎರಡು ಅಂಟಿದವು.
ರಿಬ್ಬನ್ನು, ಕುಮಿಸ್, ಭಾಷಣ:
ಮುಂದಿನ ವಾರದಿಂದ ವಾರಕ್ಕೆ ಮೂರು.

ಆಗ ಬಂದ ಓಮುರ್ಜಾಕ್, ಏಳು ಜನರಲ್ಲೊಬ್ಬ,
ಬಸ್ಸು ಹತ್ತುವುದಿಲ್ಲವೆಂದು ಹಟ ಹಿಡಿದು
ಅಂದಿನಿಂದ ಊರು ದಾಟದ ಕಮ್ಮಾರ.
ಟೋಪಿಯ ಒಳಗಿಂದ ಸಂಜೆಯ ಟಿಕೇಟು ತೆಗೆದ.
ಎಜೆ ಕನ್ನಡಕ ಹಾಕಿ ಎರಡೂ ಬದಿ ನೋಡಿದಳು.
ತೂತು ಹೊಡೆದಳು. ಹತ್ತು ಅಂದಳು.
ಹನ್ನೊಂದು ಕಿಲೊ ಇಳಿದಿದ್ದೀಯ.
ಮಂತ್ರಿಯ ಕಾರ್ಯದರ್ಶಿ ಏನೋ ಅನ್ನಲು ಹೊರಟ;
ಪೈಲಟ್ ಹುಡುಗ, ಜಾಗ ಇದೆ ಬಿಡಿ, ಅಂದ.

ರಿಜಿಸ್ಟರಿನಲ್ಲಿ ಅವಳದೇ ಅಕ್ಷರ:
ಸಂಜೆಯ ವಿಮಾನ ಹೊರಟಿತು.
ತಡ: ಹತ್ತೊಂಬತ್ತು ವರ್ಷ, ಐದು ತಿಂಗಳು.
ಕಾರಣ: ಹವಾಮಾನ.

ಮುಂದಿನ ವಾರ ಯಾವುದೂ ಬರಲಿಲ್ಲ.
ಅದರ ಮುಂದಿನ ವಾರ ಜರ್ದಾಳು ಮತ್ತೆ ಹರಡಿದೆವು.
ಓಮುರ್ಜಾಕ್ ಕಲ್ಲಿದ್ದಲಿನ ಲಾರಿಯಲ್ಲಿ
ಮುಖವೆಲ್ಲ ಕಪ್ಪಾಗಿ ಇಳಿದಾಗ
ಮಕ್ಕಳು ಮುತ್ತಿದರು: ಮೇಲಿಂದ ಏನು ಕಂಡೆ?
ಮಾತಾಡದೆ ಕೊಳಾಯಿಯಡಿ ಮುಖ ತೊಳೆದ, ಕಿವಿಯ ಹಿಂದೆಯೂ.
ಮೋಡ, ಅಂದ.